ಚಟ್ನಿಪುಡಿ ಡಬ್ಬಿಯ ಕಡಲಪಾಚಿ

ಜಗದಾಂಬಾ ಅವರ ಕೈಯ ಅಳತೆಯನ್ನು ನಾನು ಒಮ್ಮೆ ಪರೀಕ್ಷಿಸಿದ್ದೆ. ನನ್ನ ಅಡುಗೆಮನೆಯ ಪುಟ್ಟ ಡಿಜಿಟಲ್ ತಕ್ಕಡಿಯನ್ನು ಕೆಳಗೆ ತಂದು, ಅವರು ಜೋಳದ ಹಿಟ್ಟಿನಿಂದ ಮುರಿದಿಟ್ಟ ಹತ್ತು ಉಂಡೆಗಳನ್ನು ಒಂದೊಂದಾಗಿ ತೂಗಿದೆ. ಅತಿ ಚಿಕ್ಕದು ಎಪ್ಪತ್ತೆಂಟು ಗ್ರಾಂ, ಅತಿ ದೊಡ್ಡದು ಎಂಬತ್ತೊಂದು. ನಾನು ಕೆಲಸ ಮಾಡುವ ಲ್ಯಾಬಿಗೆ ಬರುವ, ಯಂತ್ರ ತುಂಬಿದ ಕ್ಯಾಪ್ಸೂಲ್‌ಗಳಲ್ಲೂ ಇದಕ್ಕಿಂತ ಕಡಿಮೆ ವ್ಯತ್ಯಾಸವೇನೂ ಇರುವುದಿಲ್ಲ. ಅದನ್ನು ಹೇಳಿದೆ.

"ಇಪ್ಪತ್ಮೂರು ವರ್ಷ ಬಡ್ದಿದೀನಿ ಕಣೇ ಕುಸುಮಾ. ಇಷ್ಟೂ ಬರದಿದ್ರೆ ಕೈ ಯಾಕಿರಬೇಕು" ಎಂದು ಅವರು ಇನ್ನೊಂದು ಉಂಡೆ ಮುರಿದರು.

ಬಸವೇಶ್ವರನಗರದ ಥರ್ಡ್ ಸ್ಟೇಜಿನ ಒಂದು ಅಡ್ಡರಸ್ತೆಯಲ್ಲಿ ಅವರ ಮನೆ. ಕೆಳಗೆ ಅವರು ಮತ್ತು ಅವರ ಗಂಡ ಸಿದ್ದಬಸಪ್ಪ, ಮೇಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗೆ ನಾನು. ಸಿದ್ದಬಸಪ್ಪನವರು ಒಂದು ಸಹಕಾರ ಸಂಘದಲ್ಲಿ ಗುಮಾಸ್ತರು. ಮಕ್ಕಳಿಲ್ಲ. ಕೊಟ್ಟೂರಿನ ಹತ್ತಿರದ ಹಳ್ಳಿಯಿಂದ ಮದುವೆಯಾಗಿ ಬಂದ ಮರುವರ್ಷವೇ ಜಗದಾಂಬಾ ಮನೆಯ ಹಿಂಬದಿಯ ಶೀಟಿನ ಕೆಳಗೆ ಹಂಚಿಟ್ಟು ರೊಟ್ಟಿ ಮಾರಲು ಶುರು ಮಾಡಿದ್ದರು. ದಿನಕ್ಕೆ ಇನ್ನೂರು ರೊಟ್ಟಿ. ಅರ್ಧ ಖಾನಾವಳಿಗಳಿಗೆ, ಅರ್ಧ ಸುತ್ತಲಿನ ಮನೆಗಳಿಗೆ.

ಅವರಿಗೆ ನಲವತ್ತನಾಲ್ಕು ವರ್ಷ. ಎತ್ತರ ಐದು ಅಡಿ ಒಂದು ಇಂಚು. ಸಣ್ಣ ಮಣೆಯ ಮೇಲೆ ಕುಳಿತರೆ ಮಣೆ ಕಾಣುತ್ತಿರಲಿಲ್ಲ, ಅದನ್ನು ಮೊದಲು ಹೇಳಿ ನಗುತ್ತಿದ್ದವರು ಅವರೇ. ಊಟಕ್ಕೆ ಮುಂಚೆ ಲಿಂಗಪೂಜೆ. ಊಟವಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನು ಕುಡಿದುಬಿಡುತ್ತಿದ್ದರು. ಪ್ರಸಾದದಲ್ಲಿ ಒಂದು ಅಗುಳೂ ಚೆಲ್ಲಬಾರದು ಎಂಬುದು ಅವರ ತವರಿನಲ್ಲಿ ಕಲಿಸಿದ ನಡೆ. ನಾನು ಮೈಸೂರು ಕಡೆಯವಳು. ಮೊದಲ ಸಲ ಕಂಡಾಗ ಬೆರಗಾಗಿತ್ತು. ಅವರ ಪಾತ್ರೆ ತೊಳೆಯುವ ಜಾಗದಲ್ಲಿ ಇರುವೆ ಕಂಡದ್ದೇ ಇಲ್ಲ.

ಅವರ ತಮ್ಮ ಕೊಟ್ರೇಶ್. ತಾಯಿ ತೀರಿದಾಗ ಅವನಿಗೆ ಮೂರು ವರ್ಷ, ಇವರಿಗೆ ಹನ್ನೊಂದು. ಅವನನ್ನು ಸೊಂಟದ ಮೇಲೆ ಎತ್ತಿಕೊಂಡೇ ಇವರು ಏಳನೇ ತರಗತಿ ಮುಗಿಸಿದರು, ಮುಂದೆ ಓದಲಿಲ್ಲ. ಮದುವೆಯಾದ ಮೂರು ವರ್ಷಕ್ಕೆ ತಂದೆಯೂ ಹೋದಾಗ ಅವನನ್ನು ಇಲ್ಲಿಗೇ ಕರೆತಂದರು. ಅವನು ಕೆಲಸ ಕಲಿತು, ವಿಜಯನಗರದಲ್ಲಿ ಮಿಕ್ಸಿ ರಿಪೇರಿಯ ಚಿಕ್ಕ ಅಂಗಡಿ ಇಟ್ಟು, ಅದರ ಹಿಂದಿನ ಕೋಣೆಯಲ್ಲೇ ಇರುತ್ತಿದ್ದ. ಬೆಳಿಗ್ಗೆ ತಿಂಡಿಗೆ ಮಾತ್ರ ಅಕ್ಕನ ಮನೆಗೆ ಬರಲೇಬೇಕು. ನನ್ನ ಮಿಕ್ಸಿಯನ್ನು ಎರಡು ಸಲ ಸರಿಮಾಡಿಕೊಟ್ಟಿದ್ದ.

ಮೂವತ್ತಾರನೇ ವಯಸ್ಸಿನಲ್ಲಿ ಅವನ ಲಿವರ್ ಕೆಟ್ಟಿತು. ದೇಹ ತನ್ನದೇ ಲಿವರಿನ ಮೇಲೆ ದಾಳಿ ಮಾಡುವ ಒಂದು ಕಾಯಿಲೆ; ಒಳಗೊಳಗೇ ಎಷ್ಟೋ ವರ್ಷದಿಂದ ನಡೆದಿತ್ತು. ಗೊತ್ತಾದಾಗ ಹೊಟ್ಟೆಯಲ್ಲಿ ನೀರು ತುಂಬಿತ್ತು, ಕಣ್ಣು ಹಳದಿಯಾಗಿತ್ತು. ಒಂದು ಹನಿ ಕುಡಿದವನಲ್ಲ. ಆದರೂ ಬೀದಿಯ ಜನ ಕುಡಿತ ಎಂದೇ ತಿಳಿದರು. "ಇರ್ಲಿ ಬಿಡಕ್ಕ, ಹೆಂಗೂ ಹೆಸರು ಬಂತು, ಒಂದ್ ಸಲ ಕುಡ್ದಾದ್ರೂ ನೋಡ್ತೀನಿ" ಎಂದು ಅವನು ಹೇಳಿದಾಗ ಜಗದಾಂಬಾ ಲಟ್ಟಣಿಗೆ ತೋರಿಸಿದ್ದರು.

ಲಿವರ್ ಬದಲಾಯಿಸದೆ ದಾರಿಯಿಲ್ಲ ಎಂದು ಡಾಕ್ಟರು ಹೇಳಿದರು. ಸತ್ತವರ ಅಂಗಕ್ಕಾಗಿ ಪಟ್ಟಿಯಲ್ಲಿ ಹೆಸರು ಬರೆಸಿದರು. ಅವನದು ಓ ಗುಂಪಿನ ರಕ್ತ, ಆ ಸಾಲು ಉದ್ದ. ಇನ್ನೊಂದು ದಾರಿ, ಬದುಕಿರುವ ಹತ್ತಿರದ ನೆಂಟರೊಬ್ಬರ ಲಿವರಿನ ಅರ್ಧ ಭಾಗ ತೆಗೆದು ಹಾಕುವುದು. ಲಿವರ್ ಮತ್ತೆ ಬೆಳೆಯುವ ಅಂಗ. ಕೊಟ್ಟವರದ್ದೂ ಬೆಳೆಯುತ್ತದೆ, ಪಡೆದವರದ್ದೂ ಬೆಳೆಯುತ್ತದೆ. ಓ ಗುಂಪಿನವರದ್ದೇ ಬೇಕು. ನೆಂಟರಲ್ಲಿ ಆ ಗುಂಪಿನವರು, ವಯಸ್ಸು ಐವತ್ತರೊಳಗಿನವರು, ಜಗದಾಂಬಾ ಒಬ್ಬರೇ.

ಅವರು ಹೂಂ ಎನ್ನಲು ಒಂದು ನಿಮಿಷವೂ ತೆಗೆದುಕೊಳ್ಳಲಿಲ್ಲ. ಆದರೆ ಅವರ ಲಿವರನ್ನು ಎಂಆರ್‌ಐಯಲ್ಲಿ ನೋಡಿದಾಗ ಅದರಲ್ಲಿ ನೂರಕ್ಕೆ ಇಪ್ಪತ್ತೆರಡು ಪಾಲು ಕೊಬ್ಬು ಇತ್ತು. ಅಷ್ಟು ಕೊಬ್ಬಿರುವ ಲಿವರನ್ನು ಕತ್ತರಿಸಿದರೆ ಕೊಡುವವರ ಜೀವಕ್ಕೇ ಅಪಾಯ, ಪಡೆಯುವವರಲ್ಲೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಅವರ ತೂಕ ಎಂಬತ್ತೊಂದು ಕಿಲೋ ಇನ್ನೂರು ಗ್ರಾಂ. ಡಾಕ್ಟರು ಆರು ವಾರ ಕೊಟ್ಟರು. ತೂಕ ಎಪ್ಪತ್ತೈದಕ್ಕಿಂತ ಕೆಳಗೆ, ಲಿವರಿನ ಕೊಬ್ಬು ಹತ್ತಕ್ಕಿಂತ ಕೆಳಗೆ. ಅಷ್ಟು ಕಾಲ ಕೊಟ್ರೇಶ್ ಕಾಯಬಲ್ಲ, ಅದಕ್ಕಿಂತ ಹೆಚ್ಚಿಗೆ ಎಂದು ಮಾತು ಕೊಡಲಾಗದು ಎಂದರು.

ಆಸ್ಪತ್ರೆಯಿಂದ ಮೆಟ್ರೊದಲ್ಲಿ ಬಂದು ಹೊಸಹಳ್ಳಿಯಲ್ಲಿ ಇಳಿದವರು, ಅಲ್ಲಿಂದ ಆಟೊ ಹಿಡಿಯದೆ ಮನೆಯವರೆಗೆ ನಡೆದರು. ಸಿದ್ದಬಸಪ್ಪನವರು ಹಿಂದೆ ಹಿಂದೆ ಬಂದರು. "ಇವತ್ತಿಂದಲೇ ಶುರುವಂತೆ" ಎಂದು ಗೇಟಿನಲ್ಲಿ ನನಗೆ ಹೇಳಿ ಶೂ ಬಿಚ್ಚಿ ಪಾದ ಒತ್ತಿಕೊಂಡರು.

ಆಮೇಲಿನ ಮೂರು ವಾರ ನಾನು ಕಂಡದ್ದನ್ನು ಕಂಡಂತೆಯೇ ಬರೆಯುತ್ತೇನೆ. ಬೆಳಿಗ್ಗೆ ಐದೂಮುಕ್ಕಾಲಿಗೆ ಗೇಟಿನ ಸದ್ದು. ಪಾರ್ಕಿನಲ್ಲಿ ಆರು ಸುತ್ತು, ಎಂಟನೇ ದಿನದಿಂದ ಹತ್ತು. ಬಂದು ಇನ್ನೂರು ರೊಟ್ಟಿ ಬಡಿದು, ತಾವು ಹೊತ್ತಿಗೆ ಒಂದೇ ತಿನ್ನುತ್ತಿದ್ದರು. ಎಣ್ಣೆ, ಬೆಲ್ಲ, ಶೇಂಗಾ, ಬೆಣ್ಣೆ ಬಿಟ್ಟರು. ಅನ್ನ ಬಿಟ್ಟರು. ಸಂಜೆ ಮತ್ತೆ ನಡಿಗೆ. ಪ್ರತಿದಿನ ಬೆಳಿಗ್ಗೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ತೂಕ ಬರೆಯುತ್ತಿದ್ದರು. ಅಂಕಿಗಳು ದುಂಡಗೆ, ಶಾಲೆಯ ಹುಡುಗಿಯ ಬರಹದಂತೆ ಇದ್ದವು.

ಪಾರ್ಕಿನ ಹೆಂಗಸರು ಕಾರಣ ತಿಳಿಯದೆ, "ಏನ್ರೀ ಆಂಟಿ, ಯಾರನ್ನ ಮದ್ವೆ ಆಗೋಕೆ ಸಣ್ಣ ಆಗ್ತಾ ಇದೀರಾ" ಎಂದು ಕೆಣಕಿದರು. "ಹಳೇ ಗಂಡನೇ ಇದಾನೆ, ಎರಡನೇ ಸಲ ಒಪ್ಕೋತಾನಾ ನೋಡ್ಬೇಕು" ಎಂದು ಇವರು ನಡೆಯುತ್ತಲೇ ಹೇಳಿದರು.

ಹದಿನಾಲ್ಕನೇ ದಿನ ಎಪ್ಪತ್ತೆಂಟೂಕಾಲು. ಅಲ್ಲಿ ನಿಂತುಬಿಟ್ಟಿತು. ಮುಂದಿನ ಎಂಟು ದಿನ ಕ್ಯಾಲೆಂಡರಿನ ಎಂಟು ಚೌಕಗಳಲ್ಲೂ ಎಪ್ಪತ್ತೆಂಟು ಚಿಲ್ಲರೆಯೇ ಇತ್ತು. ತೂಕ ಇಳಿಸುವವರಿಗೆಲ್ಲ ಇದು ಆಗುತ್ತದೆ. ದೇಹ ಸ್ವಲ್ಪ ಕಾಲ ಹಿಡಿದುಕೊಳ್ಳುತ್ತದೆ, ಆಮೇಲೆ ಬಿಡುತ್ತದೆ. ನಾನು ಹಾಗೆಂದು ಹೇಳಿದೆ. ಅವರು ತಲೆಯಾಡಿಸಿದರು, ನಂಬಲಿಲ್ಲ.

ಆ ವಾರದ ಕೊನೆಯಲ್ಲಿ ನಾನು ಕೆಲಸದಿಂದ ಬಂದು ಮೆಟ್ಟಿಲು ಹತ್ತುವಾಗ ಅವರು ಕೆಳಗಿಂದ ಕರೆದರು. ಕೈಯಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಬಾಟಲಿ. ಸಿದ್ದಬಸಪ್ಪನವರು ವಿಜಯನಗರದ ಒಂದು ಅಂಗಡಿಯಿಂದ ತಂದಿದ್ದರು. ಅರವತ್ತು ಕ್ಯಾಪ್ಸೂಲ್, ಒಂದೊಂದರಲ್ಲಿ ಐನೂರು ಮಿಲಿಗ್ರಾಂ, ದಿನಕ್ಕೆ ಎರಡು.

"ಇದು ನಿಮ್ಮ ಕಂಪ್ನೀದಾ ನೋಡು."

ಕಾಮಾಕ್ಷಿಪಾಳ್ಯದ ಆಚೆ, ಗಿಡಮೂಲಿಕೆಗಳ ಸಾರ ತೆಗೆದು ಪುಡಿ ಮಾಡುವ ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ಕೆಲಸ. ನಮ್ಮ ಪುಡಿಯನ್ನು ಬೇರೆ ಬೇರೆಯವರು ಕೊಂಡು ತಮ್ಮ ಹೆಸರಿನ ಬಾಟಲಿಗೆ ತುಂಬುತ್ತಾರೆ.

"ಪುಡಿ ನಮ್ದಿರಬಹುದು ಆಂಟಿ. ಬಾಟ್ಲಿ ಬೇರೆಯವರದು."

"ಏನಿದೆ ಇದ್ರಲ್ಲಿ?"

"ಕಡಲಪಾಚಿ ಸಾರ. ಉಪ್ಪಾಗೆ ಅಂತ ಒಂದು ಹುಳಿ ಹಣ್ಣಿದೆ ಘಟ್ಟದ ಕಡೆ, ಅದರ ಸಿಪ್ಪೆ ಸಾರ."

"ತೂಕ ಇಳಿಯುತ್ತಾ?"

ಇಂಥ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕು ಎಂದು ನನಗೆ ಕಲಿಸಲಾಗಿದೆ. ನಮ್ಮ ಕಂಪನಿ ಮಾಡಿಸಿದ್ದ ಪರೀಕ್ಷೆಯ ವಿಷಯ ಹೇಳಿದೆ. ನಲವತ್ತು ಜನಕ್ಕೆ ಈ ಪುಡಿ, ನಲವತ್ತು ಜನಕ್ಕೆ ಇದರಂತೆಯೇ ಕಾಣುವ ಬರೀ ಹಿಟ್ಟು, ಹನ್ನೆರಡು ವಾರ. ಪುಡಿ ತಿಂದವರು ಹಿಟ್ಟು ತಿಂದವರಿಗಿಂತ ಸರಾಸರಿ ಒಂದೂಕಾಲು ಕಿಲೋ ಹೆಚ್ಚಿಗೆ ಇಳಿದಿದ್ದರು.

"ಅಂದ್ರೆ ಇಳಿಯುತ್ತೆ."

"ಮೂರು ತಿಂಗಳಿಗೆ ಒಂದೂಕಾಲು ಕೆಜಿ ಆಂಟಿ. ನೀವು ಬರೀ ನಡೆದು ಎರಡೇ ವಾರಕ್ಕೆ ಮೂರು ಇಳಿಸಿದೀರಿ. ನಿಮಗೆ ಇದು ಬೇಕಾಗಿಲ್ಲ. ತಗೊಳ್ಳೋದಾದ್ರೂ ಡಾಕ್ಟರನ್ನ ಕೇಳದೆ ತಗೋಬೇಡಿ."

"ಕೇಳಿದ್ರೆ ಬೇಡ ಅಂತಾರೆ. ವಿಷಗಿಷ ಏನಾದ್ರೂ ಇರುತ್ತಾ ಇದ್ರಲ್ಲಿ?"

"ಸೀಸ, ಪಾದರಸ, ಆರ್ಸೆನಿಕ್, ಕ್ರಿಮಿ, ಎಲ್ಲಾ ನೋಡೇ ಕಳಿಸ್ತೀವಿ. ವಿಷ ಇರಲ್ಲ."

ನಾನು ಪರೀಕ್ಷಿಸಿದ್ದರ ಬಗ್ಗೆ ಹೇಳಿದ್ದೆ. ಅವರು ಎಲ್ಲದರ ಬಗ್ಗೆಯೂ ಕೇಳಿದ್ದರು.

"ಸಸ್ಯಾಹಾರ ತಾನೇ?"

ಬಾಟಲಿಯ ಚೀಟಿಯ ಮೂಲೆಯಲ್ಲಿದ್ದ, ಮಾಂಸಾಹಾರದ ಕಂದು ಗುರುತು ತೋರಿಸಿದೆ. "ಒಳಗಿನ ಪುಡಿ ಸಸ್ಯಾನೇ. ಹೊರಗಿನ ಚಿಪ್ಪು ಜೆಲಟಿನ್. ದನದ ಮೂಳೆ, ಚರ್ಮ ಬೇಯಿಸಿ ಮಾಡ್ತಾರೆ."

ಅವರು ಬಾಟಲಿಯನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡರು. "ಹಂಗಾದ್ರೆ ಬೇಡಪ್ಪ. ನನ್ನ ತಮ್ಮನಿಗೆ ಕೊಡೋ ಲಿವರಿಗೆ ಮೂಳೆ ಮುಟ್ಟಿಸ್ತೀನಾ."

ನನಗೆ ಹಗುರಾಯಿತು. ಉಪ್ಪಾಗೆಯ ಸಾರ ತಿಂದ ಕೆಲವರ ಲಿವರ್ ಕೆಟ್ಟ ವರದಿಗಳನ್ನು ನಾನು ಓದಿದ್ದೆ. ಎಷ್ಟು ಜನರಲ್ಲಿ ಒಬ್ಬರಿಗೆ ಎಂಬ ಖಚಿತ ಅಂಕಿ ಎಲ್ಲೂ ಇರಲಿಲ್ಲ. ಬೇಡ ಎಂದವರನ್ನು ಅಂಕಿಯಿಲ್ಲದ ಮಾತು ಹೇಳಿ ಹೆದರಿಸುವುದೇಕೆ ಎಂದು ಸುಮ್ಮನಾಗಿ ಮೆಟ್ಟಿಲು ಹತ್ತಿದೆ.

ನಾಲ್ಕನೇ ವಾರದಲ್ಲಿ ತೂಕ ಮತ್ತೆ ಇಳಿಯತೊಡಗಿತು. ಎಪ್ಪತ್ತೇಳು, ಎಪ್ಪತ್ತಾರೂವರೆ, ಎಪ್ಪತ್ತಾರು. ರವಿಕೆಯ ತೋಳು ಸಡಿಲವಾಯಿತು. ಕೊಟ್ರೇಶ್ ಈಗ ಅಕ್ಕನ ಮನೆಯಲ್ಲೇ, ಹೊರಗಿನ ಕೋಣೆಯ ದಿವಾನದ ಮೇಲೆ ಇದ್ದ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಬಸುರಿಯಂತೆ. ಅಲ್ಲಿಂದಲೇ ರೊಟ್ಟಿ ಬಡಿಯುವ ಸದ್ದು ಕೇಳುತ್ತಾ ಹೇಳುತ್ತಿದ್ದ: "ಕುಸುಮಾ, ಅಕ್ಕನ ಲಿವರ್ ಹಾಕಿಸ್ಕೊಂಡ ಮ್ಯಾಲೆ ನಂಗೂ ಐದಕ್ಕೆ ಎದ್ದು ರೊಟ್ಟಿ ಬಡಿಯೋಣ ಅನಿಸ್ತದೇನು? ಅದಕ್ಕೇನಾರ ಸೈನ್ಸಾಗೆ ಔಷಧ ಐತಾ?"

"ಅಣ್ಣ, ಅದು ಲಿವರಿನಿಂದ ಬರಲ್ಲ."

"ಲೇ, ಬಂದ್ರೆ ಬರ್ಲಿ ಬಿಡಲೇ" ಎಂದು ಒಳಗಿಂದ ಜಗದಾಂಬಾ. "ಮಿಕ್ಸಿ ಬಿಚ್ಚಿ ಏನ್ ಉದ್ಧಾರ ಮಾಡ್ದೆ."

ಆ ದಿನಗಳಲ್ಲಿ ಅವರು ಸುಸ್ತಾದಂತೆ ಕಾಣುತ್ತಿದ್ದರು. ಒಂದು ಸಂಜೆ ಮೊಣಕೈ ಕೆರೆದುಕೊಳ್ಳುತ್ತಾ, ಬಾಯಿಗೆ ಏನೂ ಸೇರುವುದಿಲ್ಲ ಎಂದರು. ಕಡಿಮೆ ಊಟದಿಂದ ಎಂದುಕೊಂಡೆ. ಅವರು ಒಳ್ಳೆಯದೇ ಆಯಿತು ಎಂದುಕೊಂಡಿದ್ದರು.

ಆರನೇ ವಾರದ ಪರೀಕ್ಷೆಗೆ ಹೋದರು. ತೂಕ ಎಪ್ಪತ್ತನಾಲ್ಕು ಕಿಲೋ ಆರುನೂರು ಗ್ರಾಂ. ಲಿವರಿನ ಕೊಬ್ಬು ನೂರಕ್ಕೆ ಎಂಟು. ಎರಡರಲ್ಲೂ ಗೆದ್ದಿದ್ದರು. ಆಸ್ಪತ್ರೆಯಿಂದ ಹೊರಬಂದು ಸಿದ್ದಬಸಪ್ಪನವರು ನನಗೆ ಫೋನ್ ಮಾಡಿ, ಎರಡೂ ಅಂಕಿಗಳನ್ನು ಎರಡೆರಡು ಸಲ ಹೇಳಿದರು.

ಮರುದಿನ ರಕ್ತದ ವರದಿ ಬಂತು. ಲಿವರಿನ ಕೋಶಗಳು ಒಡೆದಾಗ ಎ.ಎಲ್.ಟಿ. ಎಂಬ ಒಂದು ಕಿಣ್ವ ಸೋರಿ ರಕ್ತಕ್ಕೆ ಸೇರುತ್ತದೆ. ಅದು ನಲವತ್ತರ ಒಳಗಿರಬೇಕು. ಆರು ವಾರದ ಹಿಂದೆ ಅವರದು ಮೂವತ್ತಾರು ಇತ್ತು. ಈಗ ಆರುನೂರ ನಲವತ್ತು.

ಅಂಗದಾನದ ವ್ಯವಸ್ಥೆ ನೋಡುವ ಕೀರ್ತನಾ ಎಂಬ ನರ್ಸ್ ಫೋನ್ ಮಾಡಿದರು. ಜಗದಾಂಬಾ ಸ್ಪೀಕರ್ ಹಾಕಿದ್ದರು, ನಾನು ಪಕ್ಕದಲ್ಲಿದ್ದೆ.

"ಮೇಡಂ, ಯಾವುದಾದ್ರೂ ಔಷಧಿ ತಗೊಂಡ್ರಾ? ನೋವಿನ ಮಾತ್ರೆ, ಆಯುರ್ವೇದ, ನಾಟಿ, ಏನಾದ್ರೂ?"

"ಇಲ್ಲಮ್ಮ."

"ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ."

"ಒಂದು ಮಾತ್ರೆನೂ ಮುಟ್ಟಿಲ್ಲ. ಲಿಂಗದ ಮೇಲಾಣೆ."

ಆಣೆ ಸುಳ್ಳಾಗಿರಲಿಲ್ಲ. ಹಾಗಾದರೆ ವೈರಸ್ಸಿನಿಂದ ಬಂದ ಕಾಮಾಲೆ ಇರಬೇಕೆಂದು ಅದರ ಪರೀಕ್ಷೆಗಳಿಗೆ ರಕ್ತ ತೆಗೆದುಕೊಂಡರು. ಒಂದೊಂದೇ ವರದಿ ಬಂತು, ಯಾವುದರಲ್ಲೂ ಏನೂ ಇರಲಿಲ್ಲ. ಹೀಗೆ ನಾಲ್ಕು ದಿನ ಹೋಯಿತು.

ನಾಲ್ಕನೇ ದಿನ ಭಾನುವಾರ. ಮಧ್ಯಾಹ್ನ ಊಟಕ್ಕೆ ಕೆಳಗೆ ಕರೆದರು. ರೊಟ್ಟಿ, ಎಣ್ಣೆಯಿಲ್ಲದ ಮೆಂತ್ಯಸೊಪ್ಪಿನ ಪಲ್ಯ. ನನ್ನ ತಟ್ಟೆಗೆ ಬಡಿಸಿ ಅವರೂ ಕುಳಿತರು. ಅಗಸೆ ಚಟ್ನಿಪುಡಿಯ ಸ್ಟೀಲ್ ಡಬ್ಬಿ ತೆರೆದು, ಒಂದು ಚಮಚ ಪುಡಿಯನ್ನು ತಮ್ಮ ರೊಟ್ಟಿಯ ಮೇಲೆ ಹಾಕಿ, ಬೆರಳಿನಿಂದ ಹರಡಿ, ಸುತ್ತಿಕೊಂಡರು.

ಅಗಸೆಯ ವಾಸನೆ ಬರಲಿಲ್ಲ. ನಮ್ಮ ಲ್ಯಾಬಿನ ಎರಡನೇ ಕೋಣೆಯ ವಾಸನೆ ಬಂತು. ಒಣಗಿದ ಕಡಲಪಾಚಿ, ಅದರ ಹಿಂದೆ ಹುಳಿ. ನಾಲ್ಕು ವರ್ಷದಿಂದ ನನ್ನ ಬಟ್ಟೆಯಿಂದ ಹೋಗದ ವಾಸನೆ ಅದು. ಹಾಗಾಗಿ ಆ ಮನೆಯಲ್ಲಿ ಅದು ನನ್ನದೇ ಎಂದುಕೊಂಡಿದ್ದೆ.

"ಅದ್ಯಾವ ಪುಡಿ ಆಂಟಿ?"

"ಅದೇ ಕಣೇ. ನಿಂದೇ."

"ಬೇಡ ಅಂದಿದ್ರಿ."

"ಚಿಪ್ಪು ಬೇಡ ಅಂದೆ. ಚಿಪ್ಪು ಬಿಡಿಸಿ ಆಚೆ ಹಾಕ್ದೆ. ಒಳಗಿಂದು ಸಸ್ಯ ಅಂತ ನೀನೇ ಹೇಳಿದ್ಯಲ್ಲ."

"ಎಷ್ಟು ತಿಂತೀರಿ?"

"ಹೊತ್ತಿಗೊಂದು ಚಮಚ."

"ದಿನಕ್ಕೆ ಎರಡು ಅಂತ ಬರೆದಿತ್ತಲ್ಲ ಅದರ ಮೇಲೆ."

"ಅದು ನುಂಗೋರಿಗೆ. ನಾನೆಲ್ಲಿ ನುಂಗ್ದೆ? ಎರಡರ ಪುಡಿ ಸುರಿದು ನೋಡ್ದೆ, ಚಿಟಿಕೆ ಇತ್ತು. ಚಿಟಿಕೆ ಹಾಕ್ಕೊಂಡು ಯಾರಾದ್ರೂ ರೊಟ್ಟಿ ತಿಂತಾರಾ?"

"ಆಂಟಿ, ಆಸ್ಪತ್ರೆಯವರು ಕೇಳಿದ್ರಲ್ಲ."

"ಔಷಧಿ ಕೇಳಿದ್ರು. ಚಟ್ನಿಪುಡಿ ಕೇಳಲಿಲ್ಲ."

ಅದರಲ್ಲಿ ಕುಚೋದ್ಯ ಇರಲಿಲ್ಲ. ಅವರ ಮಟ್ಟಿಗೆ ರೊಟ್ಟಿಯ ಮೇಲೆ ಹಾಕಿಕೊಳ್ಳುವುದು ಆಹಾರ. ನೀರಿನಲ್ಲಿ ನುಂಗುವುದು ಔಷಧ. ಆಮೇಲೆ ಅವರು ನನ್ನ ಮುಖ ನೋಡಿದರು. ಸುತ್ತಿದ ರೊಟ್ಟಿ ಕೈಯಲ್ಲೇ ಇತ್ತು.

"ಯಾಕೆ? ಏನಾಯ್ತು?"

ಓದಿದ್ದನ್ನು ಆಗ ಹೇಳಿದೆ. ಮೆಟ್ಟಿಲ ಹತ್ತಿರ ಹೇಳಬೇಕಾಗಿದ್ದ ಮಾತುಗಳನ್ನೇ, ಅದೇ ಕ್ರಮದಲ್ಲಿ. ಅವರು ಕೇಳಿ ಮುಗಿದ ಮೇಲೆ ರೊಟ್ಟಿಯನ್ನು ತಟ್ಟೆಯ ಅಂಚಿಗಿಟ್ಟರು. ಅಭ್ಯಾಸದಂತೆ ಚೊಂಬಿನಿಂದ ತಟ್ಟೆಗೆ ನೀರು ಹಾಕಿದರು, ಬೆರಳಿನಿಂದ ಒಂದು ಸುತ್ತು ತೊಳೆದರು, ತಟ್ಟೆಯನ್ನು ತುಟಿಯವರೆಗೆ ಎತ್ತಿದರು. ಆ ನೀರು ತಿಳಿ ಕಂದು ಬಣ್ಣಕ್ಕೆ ತಿರುಗಿತ್ತು. ಹಾಗೇ ಹಿಡಿದುಕೊಂಡು ಕುಳಿತರು. ನಂತರ ಎದ್ದು ಹೋಗಿ, ನೀರನ್ನೂ ರೊಟ್ಟಿಯನ್ನೂ ಬಚ್ಚಲಿಗೆ ಸುರಿದರು. ಅವರು ಅನ್ನ ಚೆಲ್ಲಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಡಬ್ಬಿಯನ್ನೂ ಚಮಚವನ್ನೂ ಮರುದಿನ ಲ್ಯಾಬಿಗೆ ಒಯ್ದೆ. ಡಾಕ್ಟರಿಗೆ ಸರಿಯಾದ ಅಂಕಿ ಬೇಕಾಗುತ್ತದೆ. ಚಮಚದಲ್ಲಿ ಅವರು ತೆಗೆಯುವ ಮಟ್ಟಕ್ಕೆ ಎರಡೂವರೆ ಗ್ರಾಂ; ಅಂದರೆ ಐದು ಕ್ಯಾಪ್ಸೂಲ್. ಸಿದ್ದಬಸಪ್ಪನವರು ಒಟ್ಟು ಆರು ಬಾಟಲಿ ತಂದಿದ್ದರು. ಕೊಟ್ರೇಶನ ಆಸ್ಪತ್ರೆಯ ಓಡಾಟದಲ್ಲಿ, ತಿಂಗಳಿಗೆ ಬರಬೇಕಾದ ಬಾಟಲಿ ನಾಲ್ಕೇ ದಿನಕ್ಕೆ ಏಕೆ ಮುಗಿಯುತ್ತಿದೆ ಎಂದು ಅವರು ಯೋಚಿಸಿರಲಿಲ್ಲ. ಡಬ್ಬಿಯಲ್ಲಿ ಉಳಿದದ್ದು ನಾಲ್ಕು ಗ್ರಾಂ. ಇಪ್ಪತ್ತನಾಲ್ಕು ದಿನಕ್ಕೆ ಮುನ್ನೂರ ಐವತ್ತೆರಡು ಕ್ಯಾಪ್ಸೂಲಿನ ಪುಡಿ. ದಿನಕ್ಕೆ ಹದಿನಾಲ್ಕೂವರೆಗೂ ಮೀರಿ. ಜಗದಾಂಬಾ ತಟ್ಟೆ ತೊಳೆದು ಕುಡಿಯುವವರು, ಹಾಗಾಗಿ ಒಂದು ಕಣವೂ ಹೊರಗೆ ಹೋಗಿರಲಿಲ್ಲ. ಅವರ ಕೈ ಎಂದಿನಂತೆ ಪ್ರತಿ ಸಲವೂ ಒಂದೇ ಅಳತೆ ತೆಗೆದಿತ್ತು.

ಎಪ್ಪತ್ತನಾಲ್ಕೂವರೆಗೆ ಇಳಿದದ್ದು ಪುಡಿಯಿಂದಲೋ ನಡಿಗೆಯಿಂದಲೋ ಎಂದು ಸಿದ್ದಬಸಪ್ಪನವರು ಒಮ್ಮೆ ಕೇಳಿದರು. ಎರಡನ್ನೂ ಒಟ್ಟಿಗೆ ಮಾಡಿದ ಮೇಲೆ ಬೇರೆ ಮಾಡಿ ಹೇಳಲು ಬರುವುದಿಲ್ಲ ಎಂದೆ. ಅದು ನಿಜ. ಆದರೆ ಇಳಿಕೆಯ ಬಹುಪಾಲು ಆ ಹತ್ತು ಸುತ್ತಿನದೇ ಎಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಡಾಕ್ಟರು ಬೈಯಲಿಲ್ಲ. ಹದಿನೈದು ದಿನಕ್ಕೊಮ್ಮೆ ರಕ್ತಪರೀಕ್ಷೆ, ಅಂಕಿ ಸರಿಯಾಗಿ, ಸರಿಯಾಗಿಯೇ ಉಳಿದರೆ ಮೂರು ತಿಂಗಳ ನಂತರ ನೋಡೋಣ ಎಂದರು. ಪರೀಕ್ಷೆಯ ದಿನಾಂಕಗಳನ್ನು ಕೀರ್ತನಾ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಜಗದಾಂಬಾ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಮೂರು ತಿಂಗಳು ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಎರಡನೇ ಸಲ ಹೇಳಲಿಲ್ಲ.

ಕೊಟ್ರೇಶನಿಗೆ ಜಗದಾಂಬಾ ತಾವೇ ಹೇಳಿದರು. ನಾನು ಮೆಟ್ಟಿಲ ಮೇಲಿದ್ದೆ, ಕಿಟಕಿ ತೆರೆದಿತ್ತು.

"ನಾನೇ ಹಾಳ್ ಮಾಡ್ಕೊಂಡೆ ಕಣಲೇ."

ಅವನು ಕೇಳಿದ: "ರುಚಿಯಾದ್ರೂ ಇತ್ತೇನಕ್ಕ?"

"ಥೂ. ಮಣ್ಣು ಮುಕ್ಕಿದಂಗಿತ್ತು."

"ಅಂಥಾದ್ದನ್ನ ಇಪ್ಪತ್ನಾಕು ದಿನ ತಿಂದ್ಯಾ?"

ಅವರು ಲೋಟಕ್ಕೆ ನೀರು ಬಗ್ಗಿಸಿಕೊಟ್ಟ ಸದ್ದು ಕೇಳಿತು.

"ಮೊದ್ಲು ನಿಂದು ಸರಿಯಾಗ್ಲಿ" ಎಂದ ಅವನು. "ಮನಿಯಾಗ ಒಬ್ಬರದಾದ್ರೂ ನೆಟ್ಟಗಿರಬೇಕು."

ಪುಡಿ ಬಿಟ್ಟ ಮೂವತ್ತಮೂರನೇ ದಿನ ಬೆಳಿಗ್ಗೆ, ಅಕ್ಕ ಪಾರ್ಕಿನಿಂದ ಬಂದು ಚಪ್ಪಲಿ ಬಿಡುವಾಗ, ಅವನು ರಕ್ತ ವಾಂತಿ ಮಾಡಿಕೊಂಡ. ಲಿವರ್ ಗಟ್ಟಿಯಾದಾಗ ಅನ್ನನಾಳದ ರಕ್ತನಾಳಗಳು ಊದಿಕೊಳ್ಳುತ್ತವೆ, ಒಂದು ದಿನ ಒಡೆಯುತ್ತವೆ. ಆಂಬುಲೆನ್ಸ್ ಬೇಗನೇ ಬಂತು. ಮಧ್ಯಾಹ್ನ ಎರಡೂ ಹತ್ತಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡ. ಊರಿಗೆ ಒಯ್ದು, ತಾಯಿಯ ಸಮಾಧಿಯ ಪಕ್ಕದಲ್ಲಿ ಕೂರಿಸಿ ಮಣ್ಣು ಕೊಟ್ಟರು.

ಅಲ್ಲಿಂದ ಬಂದ ಮೇಲೆ ಜಗದಾಂಬಾ ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಲೆಂದು ನಾನು ಕಾದಿದ್ದೆ. ಗಂಡನ ಮೇಲೂ ಆಗಲಿಲ್ಲ. ಬಾಟಲಿ ತಂದುಕೊಟ್ಟ ಆ ಮನುಷ್ಯ ಹತ್ತು ದಿನ ಅಡುಗೆಮನೆಯೊಳಗೆ ಕಾಲಿಡಲಿಲ್ಲ, ಹೊರಗೇ ತಟ್ಟೆ ಹಿಡಿದು ಕೂರುತ್ತಿದ್ದರು. ಒಂದು ದಿನ ಇವರೇ, "ಒಳಗೆ ಬನ್ರೀ, ನಾಯಿ ಥರ ಬಾಗ್ಲಲ್ಲಿ ಕೂತ್ಕೋಬೇಡಿ" ಎಂದು ಕರೆದರು. ನನ್ನನ್ನು ಕೇಳಿದ್ದು ಡಬ್ಬಿಯನ್ನು ಮಾತ್ರ. ಬರಿದಾದ ಡಬ್ಬಿ ಹಿಂದಿರುಗಿಸಬಾರದೆಂದು ಅದಕ್ಕೆ ಅರ್ಧ ಅಕ್ಕಿ ತುಂಬಿಕೊಟ್ಟೆ. ಅಕ್ಕಿಯನ್ನು ತಮ್ಮ ಅಕ್ಕಿಗೆ ಸುರಿದುಕೊಂಡು, ಡಬ್ಬಿಯನ್ನು ಬೆಳ್ಳಗಾಗುವಂತೆ ತಿಕ್ಕಿ, ಮೇಲಿನ ಹಲಗೆಯ ಮೇಲೆ ಬೋರಲು ಹಾಕಿದರು. ಅದು ಈಗಲೂ ಹಾಗೇ ಇದೆ.

ಫ್ರಿಜ್ಜಿನ ಮೇಲಿನ ಹಾಳೆಯನ್ನು ಯಾರೂ ತೆಗೆಯಲಿಲ್ಲ. ಅದರಲ್ಲಿ ಬರೆದ ದಿನ ಬಂದರೆ ಅವರು ಸೀರೆ ಉಟ್ಟು, ಮುಖ್ಯರಸ್ತೆಯ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬರುತ್ತಿದ್ದರು. ತಮ್ಮ ಬದುಕಿದ್ದಾಗ ಬಂದ ಅಂಕಿಗಳು ಮುನ್ನೂರ ಹತ್ತು, ನೂರ ಇಪ್ಪತ್ತು. ಅವನು ಹೋಗಿ ಹದಿನಾಲ್ಕನೇ ದಿನ ಬಂದ ವರದಿಯನ್ನು ಮೇಲೆ ನನ್ನ ಕೋಣೆಗೇ ತಂದರು. ಮೆಟ್ಟಿಲು ಹತ್ತಿ ಬಂದರೂ ಈಗ ಏದುಸಿರು ಇರಲಿಲ್ಲ.

"ಇದ್ರಲ್ಲಿ ಎಷ್ಟಿದೆ ನೋಡೇ. ಕನ್ನಡಕ ಕೆಳಗಿದೆ."

"ಮೂವತ್ತೊಂದು."

"ಅಂದ್ರೆ?"

"ಸರಿಯಾಗಿದೆ ಆಂಟಿ. ಪೂರ್ತಿ ಸರಿಯಾಗಿದೆ."

ಅವರು ಮಂಚದ ಅಂಚಿನಲ್ಲಿ ಕುಳಿತರು. "ಅವ್ನು ಇವತ್ತು ಇದ್ದಿದ್ರೆ ನಂದು ತಗೋತಿದ್ರಾ?"

ಡಾಕ್ಟರು ಇನ್ನೂ ಒಂದು ಸಲ ನೋಡಿ ಆಮೇಲೆ ನಿರ್ಧರಿಸುತ್ತಿದ್ದರು ಎಂಬುದು ಸರಿಯಾದ ಉತ್ತರ. "ತಗೋತಿದ್ರು" ಎಂದೆ.

ಹೂಂ ಎಂದು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸೆರಗಿಗೆ ಸಿಕ್ಕಿಸಿಕೊಂಡರು. ಇಳಿಯುವ ಮುಂಚೆ, ರೊಟ್ಟಿ ತಣ್ಣಗಾಗುತ್ತೆ, ಬೇಗ ಬಾ ಎಂದರು.

ಮರುದಿನ ಐದೂಮುಕ್ಕಾಲಿಗೆ ಗೇಟಿನ ಸದ್ದಾಯಿತು. ನಾನು ಹೊರಗೆ ಬಂದು ನೋಡಿದೆ. ಮಳೆ ಹನಿಯುತ್ತಿತ್ತು. ತಲೆಗೆ ಸೆರಗು ಹೊದ್ದು ಅವರು ರಸ್ತೆಗೆ ಇಳಿದಿದ್ದರು.

"ಮಳೆ ಬರ್ತಾ ಇದೆ ಆಂಟಿ. ಇವತ್ತೊಂದು ದಿನ ಬಿಡಿ."

"ಬಿಟ್ರೆ ಮತ್ತೆ ಕೊಬ್ಬು ಕೂತ್ಕೊಳ್ಳುತ್ತೆ ಕಣೇ" ಎಂದು, ತಿರುಗಿ ನೋಡದೆ ಪಾರ್ಕಿನ ಕಡೆ ನಡೆದರು.